ಮುಂಬಯಿಯಲ್ಲಿ ಬೆಂದ ಬೇಳೆ

1921-22ರಲ್ಲಿ ಮುಂಬಯಿ ಸರ್ಕಾರದ ಲೇಬರ್ ಆಫೀಸು ನಗರದ ಕೂಲಿಕಾರರ ಮನೆಖರ್ಚಿನ ಲೆಕ್ಕ ತೆಗೆಯಿತು. ಪರೇಲ್, ಲಾಲ್‌ಬಾಗ್, ವರ್ಲಿಯ ಕಡೆ ಗಿರಣಿಗಳ ಕೊಳವೆಗಳು ಹೊಗೆ ಉಗುಳುತ್ತಿದ್ದ ಕಾಲ ಅದು. ಬಾಡಿಗೆಗೆ ಎಷ್ಟು, ಬಟ್ಟೆಗೆ ಎಷ್ಟು, ಸಾಲದ ಬಡ್ಡಿಗೆ ಎಷ್ಟು, ಹೊಟ್ಟೆಗೆ ಎಷ್ಟು ಎಂದು ವಿಂಗಡಿಸಿದ ಈ ವರದಿ ಫಿಂಡ್ಲೆ ಶಿರಾಸ್ ಅವರ ಹೆಸರಿನಲ್ಲಿ 1923ರಲ್ಲಿ ಅಚ್ಚಾಯಿತು. ಅದರಲ್ಲಿದ್ದ ಒಂದು ಮಾತು ಮುಂದೆ ದಶಕಗಳ ಕಾಲ ಕಾರ್ಮಿಕ ಚಳವಳಿಯ ಬಾಯಲ್ಲಿ ಉಳಿಯಿತು: ಬರಗಾಲದ ಕಾಯಿದೆ ನಿಗದಿ ಮಾಡಿದ ಗರಿಷ್ಠ ಧಾನ್ಯದಷ್ಟನ್ನು ಮುಂಬಯಿಯ ಕಾರ್ಮಿಕ ತಿನ್ನುತ್ತಾನೆ, ಆದರೆ ಮುಂಬಯಿ ಜೈಲು ಕೈಪಿಡಿ ಕೈದಿಗೆ ಗೊತ್ತುಮಾಡಿದ ಊಟದಷ್ಟು ಅವನಿಗೆ ಸಿಗುತ್ತಿಲ್ಲ. ಈ ಒಂದು ಹೋಲಿಕೆಯೇ ಆ ಕಾಲದ ನಗರಕ್ಕೆ ಕನ್ನಡಿ ಹಿಡಿಯಲು ಸಾಕು. ಆದರೆ ಅದು ಕಾಳನ್ನು ತೂಕದಲ್ಲಿ ಅಳೆದ ಲೆಕ್ಕ. ತಟ್ಟೆಯಲ್ಲಿ ಎಷ್ಟು ಧಾನ್ಯವಿತ್ತು ಎಂಬುದರ ಜೊತೆಗೆ, ಆ ಧಾನ್ಯದ ಪಕ್ಕದಲ್ಲಿ ಏನಿತ್ತು ಎಂದು ಕೇಳಿದರೆ ಮುಂಬಯಿಯ ಇತಿಹಾಸ ಬೇರೊಂದು ದಾರಿಯಲ್ಲಿ ತೆರೆದುಕೊಳ್ಳುತ್ತದೆ. ಆ ದಾರಿಯ ಹೆಸರು ಲೈಸಿನ್. ನನ್ನ ವಾದ ಇಷ್ಟು: ಈ ಊರಿನ ಬಡವನ ಊಟದಲ್ಲಿದ್ದ ಲೈಸಿನ್ ಕೊರತೆ ಎಂದೂ ಒಂದು ರಾಸಾಯನಿಕದ ಕೊರತೆಯಾಗಿರಲಿಲ್ಲ, ಅದು ಬೇಳೆಯ ಕೊರತೆ. ಅದಕ್ಕೆ ಬೇಕಾದ ಪರಿಹಾರ ಕರಾವಳಿಯಿಂದ ಬಂದ ಕನ್ನಡಿಗರ ಅಡುಗೆಮನೆಗಳಲ್ಲೂ ಗಿರಣಿ ಕೆಲಸಗಾರರ ನೆಲೆಯಾದ ಗಿರಣಗಾಂವಿನ ಖಾನಾವಳಿಗಳಲ್ಲೂ ದಿನಾ ಬೇಯುತ್ತಿತ್ತು. ಸರ್ಕಾರದ ಲೆಕ್ಕಪುಸ್ತಕ ಮಾತ್ರ ಅದನ್ನು ಕಾಣಲಿಲ್ಲ.

ಮೊದಲು ಲೈಸಿನ್ ಎಂದರೇನು ಎಂಬುದನ್ನು ನೋಡೋಣ. ನಾವು ತಿಂದ ಪ್ರೊಟೀನ್ ಹೊಟ್ಟೆಯಲ್ಲಿ ಒಡೆದು ಅಮೈನೊ ಆಮ್ಲಗಳಾಗುತ್ತದೆ. ದೇಹ ಅವುಗಳನ್ನೇ ಮತ್ತೆ ಪೋಣಿಸಿ ಸ್ನಾಯು, ರಕ್ತ, ಚರ್ಮ, ಕಿಣ್ವಗಳನ್ನು ಕಟ್ಟಿಕೊಳ್ಳುತ್ತದೆ. ಇಪ್ಪತ್ತು ಬಗೆಯ ಈ ಆಮ್ಲಗಳಲ್ಲಿ ಒಂಬತ್ತನ್ನು ಮನುಷ್ಯದೇಹ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಅವುಗಳಲ್ಲಿ ಲೈಸಿನ್ ಒಂದು. 1889ರಲ್ಲಿ ಜರ್ಮನಿಯ ಎಡ್ಮಂಡ್ ಡ್ರೆಕ್ಸೆಲ್ ಇದನ್ನು ಹಾಲಿನ ಕೇಸಿನ್‌ನಿಂದ ಬೇರ್ಪಡಿಸಿದರು. 1914ರಲ್ಲಿ ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡೆಲ್, ಇದಿಲ್ಲದ ಪ್ರೊಟೀನನ್ನಷ್ಟೇ ತಿಂದ ಇಲಿಮರಿಗಳು ಬೆಳೆಯುವುದಿಲ್ಲ, ಇದನ್ನು ಸೇರಿಸಿದರೆ ಬೆಳೆಯತೊಡಗುತ್ತವೆ ಎಂದು ತೋರಿಸಿದರು. ಮಲ್ಲಿಗೆ ಮತ್ತು ಕನಕಾಂಬರವನ್ನು ಒಂದಾದ ಮೇಲೊಂದರಂತೆ ಕಟ್ಟುವ ಮಾಲೆಯನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಕನಕಾಂಬರ ಮುಗಿದ ಕ್ಷಣ ಮಾಲೆ ಅಲ್ಲಿಗೆ ನಿಲ್ಲುತ್ತದೆ, ಮಲ್ಲಿಗೆ ಬುಟ್ಟಿಯ ತುಂಬ ಉಳಿದಿದ್ದರೂ ಪ್ರಯೋಜನವಿಲ್ಲ. ಧಾನ್ಯ ತಿನ್ನುವವರ ಊಟದಲ್ಲಿ ಮೊದಲು ಮುಗಿಯುವ ಹೂವು ಲೈಸಿನ್. ಮಿಕ್ಕ ಅಮೈನೊ ಆಮ್ಲಗಳನ್ನು ದೇಹ ನಾಳೆಗೆಂದು ಕೂಡಿಡಲಾರದು, ಸೌದೆಯಂತೆ ಉರಿಸಿಬಿಡುತ್ತದೆ. ಸರಿಸುಮಾರು ಲೆಕ್ಕದಲ್ಲಿ ಹೇಳುವುದಾದರೆ ಒಂದು ಗ್ರಾಂ ಪ್ರೊಟೀನಿನಲ್ಲಿ 45 ಮಿಲಿಗ್ರಾಂ ಲೈಸಿನ್ ಇದ್ದರೆ ವಯಸ್ಕರಿಗೆ ಅದು ಒಳ್ಳೆಯ ಪ್ರೊಟೀನ್. ಅಕ್ಕಿಯಲ್ಲಿ ಇರುವುದು 37ರ ಆಸುಪಾಸು, ಗೋಧಿಯಲ್ಲಿ 27ರಷ್ಟು, ಜೋಳದಲ್ಲಿ ಇನ್ನೂ ಕಡಿಮೆ. ತೊಗರಿ, ಉದ್ದು, ಕಡಲೆ, ಹೆಸರುಗಳಲ್ಲಿ 65ರಿಂದ 70. ಬೇಳೆಕಾಳುಗಳಿಗೆ ಕಡಿಮೆ ಬೀಳುವುದು ಗಂಧಕವಿರುವ ಮೆಥಿಯೊನಿನ್, ಅದು ಧಾನ್ಯಗಳಲ್ಲಿ ಸಾಕಷ್ಟಿದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಮುಂಬಯಿಗೆ ಬಂದವರ ಹಿಂದಿನ ಊಟ ಏನಾಗಿತ್ತು? ಕುಚಲಕ್ಕಿಯ ಗಂಜಿ, ಅದರ ಬದಿಗೆ ಚಟ್ನಿಯೋ ಉಪ್ಪಿನಕಾಯಿಯೋ. ಕೈಗೂಡಿದ ದಿನ ಹುರುಳಿಯ ಸಾರು, ಕಡಲ ಬದಿಯವರಿಗೆ ಮೀನು. ಮೀನು ಮತ್ತು ಹುರುಳಿ ಎರಡೂ ಲೈಸಿನ್‌ನಿಂದ ತುಂಬಿದವು. ಗಂಜಿ ಮತ್ತು ಉಪ್ಪಿನಕಾಯಿ ಮಾತ್ರ ಇದ್ದ ದಿನಗಳು ಬಡವನ ಮನೆಯಲ್ಲಿ ಹೆಚ್ಚು ಎಂಬುದನ್ನು ಮರೆಯಬಾರದು. ಇದರ ಜೊತೆಗೆ ಉಡುಪಿಯ ಮಠಗಳ ಪಾಕಶಾಲೆಗಳಲ್ಲಿ ಪಳಗಿದ ಇನ್ನೊಂದು ಅಡುಗೆಯಿತ್ತು: ಮೀನು ಮಾಂಸಗಳಿಲ್ಲದ, ಆದ್ದರಿಂದಲೇ ಬೇಳೆಕಾಳಿನ ಮೇಲೆ ಪೂರ್ತಿ ಭಾರ ಹಾಕಿದ ಅಡುಗೆ. ತೊಗರಿಬೇಳೆಯ ಹುಳಿ, ಹೆಸರುಬೇಳೆಯ ಕೋಸಂಬರಿ, ಉದ್ದಿನ ವಡೆ, ಉದ್ದಿನ ಹಪ್ಪಳ, ಇಡ್ಲಿ, ದೋಸೆ. ಇವುಗಳಲ್ಲಿ ಇಡ್ಲಿಯನ್ನು ಹತ್ತಿರದಿಂದ ನೋಡಬೇಕು. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಎಂಬ ಲೆಕ್ಕ ಹಿಡಿಯೋಣ. 300 ಗ್ರಾಂ ಅಕ್ಕಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್, 800 ಮಿಲಿಗ್ರಾಂ ಲೈಸಿನ್. 100 ಗ್ರಾಂ ಉದ್ದಿನಲ್ಲಿ ಸುಮಾರು 24 ಗ್ರಾಂ ಪ್ರೊಟೀನ್, 1600 ಮಿಲಿಗ್ರಾಂ ಲೈಸಿನ್. ಅಂದರೆ ಹಿಟ್ಟಿನಲ್ಲಿ ಕಾಲು ಭಾಗವಷ್ಟೇ ಇರುವ ಉದ್ದು ಲೈಸಿನ್‌ನ ಮೂರರಲ್ಲಿ ಎರಡು ಪಾಲನ್ನು ತರುತ್ತದೆ. ಎರಡೂ ಸೇರಿದಾಗ ಒಂದು ಗ್ರಾಂ ಪ್ರೊಟೀನಿಗೆ 50 ಮಿಲಿಗ್ರಾಂ ದಾಟುತ್ತದೆ. ಅಕ್ಕಿಗೆ ಒಂಟಿಯಾಗಿ ಸಾಧ್ಯವಾಗದ್ದು ಉದ್ದಿನ ಜೊತೆಗೆ ಸಾಧ್ಯವಾಯಿತು.

ಈ ಅಡುಗೆ ಮುಂಬಯಿಯಲ್ಲಿ ಬೇರು ಬಿಟ್ಟ ಜಾಗ ಮಾಟುಂಗಾ. 1896ರ ಪ್ಲೇಗು ನಗರವನ್ನು ಬೆಚ್ಚಿಬೀಳಿಸಿದ ಮೇಲೆ 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್, ದಾದರ್, ಮಾಟುಂಗಾ, ಸಯಾನ್‌ಗಳ ಬಯಲನ್ನು ಅಗಲ ರಸ್ತೆಗಳ ಬಡಾವಣೆಯಾಗಿ ಹಾಸಿತು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು, ರೈಲ್ವೆ ನೌಕರರು ಅಲ್ಲಿ ನೆಲೆಸಿದರು. ಅವರಲ್ಲಿ ಬಹಳ ಮಂದಿ ಒಂಟಿಯಾಗಿ ಕೋಣೆ ಹಂಚಿಕೊಂಡವರು, ಒಲೆ ಹೊತ್ತಿಸಲು ಜಾಗವೂ ಬಿಡುವೂ ಇಲ್ಲದವರು. ಇವರ ಹಸಿವಿಗೆ ಉತ್ತರವಾಗಿ ಕಿಂಗ್ಸ್ ಸರ್ಕಲ್ಲಿನ ಸುತ್ತ ಒಂದೊಂದಾಗಿ ಹೋಟೆಲುಗಳು ಎದ್ದವು: 1936ರಲ್ಲಿ ಕೆಫೆ ಮೈಸೂರ್, 1939ರಲ್ಲಿ ರಾಮ್ ಆಶ್ರಯ, 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್. ಬೋರ್ಡಿಂಗಿನ ಬಾಳೆಲೆಯಲ್ಲಿ ಅನ್ನ ಬಿದ್ದ ಮೇಲೆ ಬರುತ್ತಿದ್ದ ಸಾಲನ್ನು ಗಮನಿಸಿ: ಸಾರು, ಹುಳಿ, ಕಾಳಿನ ಪಲ್ಯ, ಹಪ್ಪಳ, ಕೊನೆಗೆ ಮಜ್ಜಿಗೆ ಅಥವಾ ಮೊಸರು. ಅನ್ನ ಬಂದಷ್ಟು ಸಲವೂ ಅದರ ಹಿಂದೆ ಬೇಳೆ ಬರುತ್ತದೆ, ಕೊನೆಯ ತುತ್ತಿಗೆ ಹಾಲಿನ ಪ್ರೊಟೀನ್ ಸೇರುತ್ತದೆ. ಹೊಟ್ಟೆ ತುಂಬುವವರೆಗೆ ಬಡಿಸುವ ಪದ್ಧತಿಯೆಂದರೆ ಅನ್ನದ ಜೊತೆ ಹುಳಿಯೂ ಹೊಟ್ಟೆ ತುಂಬ ಎಂದೇ ಅರ್ಥ. ಗಿರಣಗಾಂವಿನಲ್ಲಿ ಇದೇ ಕೆಲಸವನ್ನು ಮರಾಠಿ ಹೆಂಗಸರ ಖಾನಾವಳಿಗಳು ಮಾಡುತ್ತಿದ್ದವು. ಕೊಂಕಣ, ಸಾತಾರಾಗಳಿಂದ ಬಂದ ಗಿರಣಿ ಕೆಲಸಗಾರರಿಗೆ ಚಾಳಿನ ಒಂದೇ ಕೋಣೆಯಲ್ಲಿ ಭಾಕರಿ, ತೊಗರಿಯ ಆಮಟಿ, ಮೊಳಕೆ ಮಡಕಿಯ ಉಸಳ್ ಬಡಿಸುತ್ತಿದ್ದವು. ಭಾಷೆ ಬೇರೆ, ಧಾನ್ಯ ಬೇರೆ, ಸೂತ್ರ ಒಂದೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹೋಟೆಲಿನವರಿಗೆ ಲೈಸಿನ್ ಗೊತ್ತಿತ್ತೇ? ಮಠದ ಅಡುಗೆಯವರು ಅಮೈನೊ ಆಮ್ಲ ಎಣಿಸಿದರೇ? ಹಳೆಯ ರೂಢಿಗೆ ಹೊಸ ವಿಜ್ಞಾನದ ಜರಿ ಅಂಚು ಹಚ್ಚುವುದು ನಮ್ಮಲ್ಲಿ ಹಳೆಯ ಚಾಳಿ, ಇದೂ ಅದೇ ಅಲ್ಲವೇ? ಆಕ್ಷೇಪ ನ್ಯಾಯವಾದದ್ದು. ಯಾರಿಗೂ ಏನೂ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡೇ ಮುಂದುವರಿಯೋಣ. ಉದ್ದನ್ನು ಹಾಕಿದ್ದು ಹಿಟ್ಟು ಉಬ್ಬಲಿ ಎಂದು. ಉದ್ದಿನ ಲೋಳೆ ಗಾಳಿಗುಳ್ಳೆಗಳನ್ನು ಹಿಡಿದಿಡುತ್ತದೆ, ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ರಾತ್ರಿಯಿಡೀ ಕೆಲಸ ಮಾಡಿ ಗಾಳಿ ತುಂಬುತ್ತದೆ, ಬೆಳಗ್ಗೆ ಇಡ್ಲಿ ಹೂವಾಗುತ್ತದೆ. ಹುಳಿ ಬಂದದ್ದು ಬಾಯಿರುಚಿಗಾಗಿ, ಬೇಳೆಯನ್ನು ಆರಿಸಿದ್ದು ಮಡಿಯ ಕಟ್ಟುಪಾಡಿಗಾಗಿ. ಆದರೆ ಇತಿಹಾಸದಲ್ಲಿ ಉದ್ದೇಶ ಬೇರೆ, ಫಲ ಬೇರೆ. ಊರುಗಳು ಬಾವಿಯ ನೀರನ್ನು ಕಾಯಿಸಿ ಕುಡಿದದ್ದು ರೋಗಾಣುವಿನ ಹೆಸರು ಕೇಳಿ ಅಲ್ಲ, ಆದರೂ ಕುಡಿದವರು ಬದುಕಿದರು. ನಾನು ಇಲ್ಲಿ ಪೂರ್ವಿಕರ ಜ್ಞಾನವನ್ನು ಹೊಗಳುತ್ತಿಲ್ಲ, ಒಂದು ಊಟದ ಫಲವನ್ನು ಅಳೆಯುತ್ತಿದ್ದೇನೆ. ಆ ಅಳತೆಯಲ್ಲಿ ಅಡುಗೆಯ ವಿಧಾನವೂ ಲೆಕ್ಕಕ್ಕೆ ಬರುತ್ತದೆ. ಕೆಂಪಗೆ ಕಾದ ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ತಿರುಗುವುದು ಸಕ್ಕರೆಯ ಅಂಶ ಅಮೈನೊ ಆಮ್ಲಗಳ ಜೊತೆ, ಮುಖ್ಯವಾಗಿ ಲೈಸಿನ್ ಜೊತೆ, ಬೆಸೆದುಕೊಳ್ಳುವುದರಿಂದ. ಬ್ರೆಡ್ಡಿನ ಕಂದು ಸಿಪ್ಪೆಯೂ ಹಾಗೆಯೇ. ಹಾಗೆ ಬೆಸೆದ ಲೈಸಿನ್ ದೇಹಕ್ಕೆ ದಕ್ಕುವುದಿಲ್ಲ. ಆವಿಯಲ್ಲಿ ಬೆಂದ ಇಡ್ಲಿ ಬೆಳ್ಳಗೇ ಉಳಿಯುತ್ತದೆ, ಅದರ ಲೈಸಿನ್ ಹೆಚ್ಚುಪಾಲು ಹಾಗೆಯೇ ಉಳಿಯುತ್ತದೆ.

ಬೇಳೆಯ ಬಗ್ಗೆ ಪ್ರಯೋಗಾಲಯದ ಸಾಕ್ಷ್ಯ ಬೇಕೆಂದರೆ ಅದೂ ಇದೇ ಮುಂಬಯಿಯಲ್ಲಿದೆ, ಅದರ ಒಂದು ಕೊನೆ ಬೆಂಗಳೂರಿನಲ್ಲಿದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಂಗಸು ಎಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ ಮೊದಲು ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ, ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೊಟೀನ್‌ಗಳನ್ನು ಅಧ್ಯಯನ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದು, ವಿಜ್ಞಾನದಲ್ಲಿ ಆ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರೆನಿಸಿದರು. ಮದುವೆಯ ನಂತರ ಕಮಲಾ ಸೊಹೊನಿಯಾಗಿ 1949ರಲ್ಲಿ ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿದರು, ಮುಂದೆ ಅದರ ನಿರ್ದೇಶಕಿಯೂ ಆದರು. ಅಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಆರಿಸಿಕೊಂಡದ್ದು ಬಡವನ ತಟ್ಟೆಯ ಪದಾರ್ಥಗಳನ್ನು: ನೀರಾ, ತಾಟಿಬೆಲ್ಲ, ಭತ್ತದ ಹಿಟ್ಟು, ಬೇಳೆಕಾಳು. ಹಸಿಯ ಕಾಳುಗಳಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವಕ್ಕೆ ಅಡ್ಡಗಟ್ಟುವ ವಸ್ತುಗಳಿವೆ, ಅವರೆಕಾಳಿನಲ್ಲೂ ಇವೆ. ಅವುಗಳನ್ನು ಈ ಪ್ರಯೋಗಾಲಯ ವರ್ಷಗಟ್ಟಲೆ ಪರೀಕ್ಷಿಸಿತು. ಟ್ರಿಪ್ಸಿನ್ ಪ್ರೊಟೀನಿನ ಸರವನ್ನು ಕತ್ತರಿಸುವುದು ಲೈಸಿನ್ ಮತ್ತು ಆರ್ಜಿನಿನ್ ಇರುವ ಗಂಟುಗಳಲ್ಲೇ. ಅಡ್ಡಗಟ್ಟು ಕಳಚದಿದ್ದರೆ ಕಾಳು ಹೊಟ್ಟೆಗೆ ಹೋದರೂ ಅದರ ಸತ್ವ ಪೂರ್ತಿ ಕೈಗೆ ಬಾರದು. ನೆನೆಸುವುದು, ಸಿಪ್ಪೆ ತೆಗೆಯುವುದು, ಮೊಳಕೆ ಕಟ್ಟುವುದು, ಹುದುಗಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಚೆನ್ನಾಗಿ ಬೇಯಿಸುವುದು ಈ ಅಡ್ಡಗಟ್ಟನ್ನು ಸಡಿಲಿಸುತ್ತವೆ. ಬೇಳೆ ಬೇಯಬೇಕು ಎಂಬ ಮಾತಿಗೆ ಇಲ್ಲಿ ಅಕ್ಷರಶಃ ಅರ್ಥವಿದೆ.

ಇಷ್ಟೆಲ್ಲ ಅಡುಗೆಮನೆಯಲ್ಲೂ ಪ್ರಯೋಗಾಲಯದಲ್ಲೂ ಇರುವಾಗ ಸರ್ಕಾರದ ಕಣ್ಣು ಎಲ್ಲಿತ್ತು? ಧಾನ್ಯದ ಮೇಲೆ. ಅದಕ್ಕೆ ಕಾರಣವೂ ಇತ್ತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. 1943ರಲ್ಲಿ ಮುಂಬಯಿಯಲ್ಲಿ ರೇಷನ್ ಪದ್ಧತಿ ಜಾರಿಯಾಯಿತು. ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು, ಮುಂಬಯಿ ಆ ಗತಿಯಿಂದ ಪಾರಾಯಿತು. ರೇಷನ್ ಚೀಟಿಯ ಈ ಉಪಕಾರವನ್ನು ಕಡೆಗಣಿಸುವುದು ಅನ್ಯಾಯ. ಆದರೆ ಆ ಚೀಟಿ ಒಂದು ಅಭ್ಯಾಸವನ್ನೂ ಹುಟ್ಟುಹಾಕಿತು: ಆಹಾರ ಭದ್ರತೆ ಎಂದರೆ ಅಕ್ಕಿ ಗೋಧಿಯ ಭದ್ರತೆ ಎಂಬ ಅಭ್ಯಾಸ. ತಲೆಗೆ ಇಷ್ಟು ಧಾನ್ಯ ಎಂದು ಬರೆಯುವ ಕೈ, ಅದರ ಪಕ್ಕದ ಬೇಳೆಯನ್ನು ಪೇಟೆಯ ಮರ್ಜಿಗೆ ಬಿಟ್ಟಿತು. 1923ರ ವರದಿ ಕೂಲಿಕಾರನ ಊಟವನ್ನು ಕೈದಿಯ ಊಟದ ಪಕ್ಕದಲ್ಲಿ ತೂಗಿದ್ದು ಧಾನ್ಯದ ತಕ್ಕಡಿಯಲ್ಲಿ, 1943ರ ಚೀಟಿ ಬರೆದದ್ದೂ ಅದೇ ತಕ್ಕಡಿ ನೋಡಿ.

ಬೇಳೆಗೆ ಬದಲಾಗಿ ಬಂದದ್ದು ಬೇರೆ ಬೇರೆ ಯೋಜನೆಗಳು. ಅವುಗಳಲ್ಲಿ ಕೆಲವು ಒಳ್ಳೆಯವೇ. 1946ರಲ್ಲಿ ದಾರಾ ಖುರೋಡಿಯವರು ಎಮ್ಮೆಯ ಹಾಲಿಗೆ ಕೆನೆರಹಿತ ಹಾಲಿನ ಪುಡಿ ಮತ್ತು ನೀರು ಸೇರಿಸಿ ಅಗ್ಗದ ‘ಟೋನ್ಡ್’ ಹಾಲನ್ನು ಮುಂಬಯಿಗೆ ಕೊಟ್ಟರು. ಕೊಬ್ಬು ಕಡಿಮೆಯಾಯಿತು, ಪ್ರೊಟೀನ್ ಉಳಿಯಿತು. ಗೋರೆಗಾಂವಿನ ಆರೆ ಕಾಲೊನಿ 1951ರ ಹೊತ್ತಿಗೆ ನಗರದ ಮಕ್ಕಳಿಗೆ ಹಾಲು ಕಳಿಸತೊಡಗಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ಶೇಂಗಾ ಹಿಂಡಿಯ ಹಿಟ್ಟು ಮತ್ತು ಕಡಲೆಹಿಟ್ಟನ್ನು ಬೆರೆಸಿ ಬಹುಪಯೋಗಿ ಆಹಾರವನ್ನು ರೂಪಿಸಿತು. ಇದು ನಮ್ಮ ನೆಲದ ಕಾಳನ್ನೇ ನಂಬಿದ ದಾರಿ. 1960ರ ದಶಕದಲ್ಲಿ ಗಾಳಿ ತಿರುಗಿತು. ಜಪಾನಿನಲ್ಲಿ ಬ್ಯಾಕ್ಟೀರಿಯಾಗಳಿಂದ ಲೈಸಿನ್ ಅನ್ನು ಟನ್ನುಗಟ್ಟಲೆ ತಯಾರಿಸುವ ವಿದ್ಯೆ ಕೈಗೆ ಬಂದಿತ್ತು. ಜಗತ್ತಿನಲ್ಲಿ ಪ್ರೊಟೀನಿನ ದೊಡ್ಡ ಬಿಕ್ಕಟ್ಟು ಬರಲಿದೆ ಎಂದು 1968ರಲ್ಲಿ ವಿಶ್ವಸಂಸ್ಥೆಯ ವರದಿ ಎಚ್ಚರಿಸಿತು. ಧಾನ್ಯಕ್ಕೆ ಲೈಸಿನ್ ಬೆರೆಸಿದರೆ ಬಡವನ ರೊಟ್ಟಿ ಹಾಲಿಗೆ ಸಮವಾಗುತ್ತದೆ ಎಂಬ ಆಸೆ ಹುಟ್ಟಿತು. 1965ರಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಮಾಡರ್ನ್ ಬೇಕರೀಸ್, ಆ ದಶಕದ ಕೊನೆಗೆ ಮುಂಬಯಿಯೂ ಸೇರಿದಂತೆ ನಗರಗಳಲ್ಲಿ ವಿಟಮಿನ್ ಮತ್ತು ಲೈಸಿನ್ ಸೇರಿಸಿದ ಬ್ರೆಡ್ಡನ್ನು ಮಾರಿತು.

ಈ ಬ್ರೆಡ್ಡಿನ ಹಿಂದೆ ಸದುದ್ದೇಶವಿತ್ತು, ರಸಾಯನಶಾಸ್ತ್ರವೂ ಸರಿಯಿತ್ತು. ಗೋಧಿಗೆ ಕೊರತೆಯಾದದ್ದು ಲೈಸಿನ್ನೇ. ತಪ್ಪಿದ್ದು ಪ್ರಶ್ನೆ. ಲೈಸಿನ್ ಎಲ್ಲಿಂದ ತರೋಣ ಎಂದು ಕೇಳಿದವರು, ಇದ್ದ ಲೈಸಿನ್ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಉತ್ತರ ಸರ್ಕಾರದ ಆರ್ಥಿಕ ಸಮೀಕ್ಷೆಯ ಕೋಷ್ಟಕದಲ್ಲೇ ಇದೆ. 1951ರಲ್ಲಿ ದೇಶದಲ್ಲಿ ದಿನಕ್ಕೆ ತಲಾ 60.7 ಗ್ರಾಂ ಬೇಳೆಕಾಳು ಲಭ್ಯವಿತ್ತು. 1961ರಲ್ಲಿ ಅದು 69 ಗ್ರಾಂಗೆ ಏರಿತ್ತು. 1971ರಲ್ಲಿ 51.2 ಗ್ರಾಂ, 1981ರಲ್ಲಿ 37.5 ಗ್ರಾಂ, 2001ರಲ್ಲಿ 30 ಗ್ರಾಂ. ಹಸಿರು ಕ್ರಾಂತಿ ಗೋಧಿಗೂ ಭತ್ತಕ್ಕೂ ನೀರು, ಗೊಬ್ಬರ, ಬೆಂಬಲ ಬೆಲೆ ಕೊಟ್ಟಿತು, ತೊಗರಿ ಉದ್ದುಗಳನ್ನು ಮಳೆಯಾಸರೆಯ ಬಡ ನೆಲಕ್ಕೆ ತಳ್ಳಿತು. ಬ್ರೆಡ್ಡಿಗೆ ಚಿಟಿಕೆ ಲೈಸಿನ್ ಹಾಕಿ ಹೆಮ್ಮೆಪಟ್ಟ ವರ್ಷಗಳಲ್ಲೇ ತಟ್ಟೆಯಿಂದ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಲೈಸಿನ್ ಜಾರಿಹೋಗುತ್ತಿತ್ತು. ತೊಗರಿಬೇಳೆಯಲ್ಲಿ 30 ಗ್ರಾಂ ಕಡಿಮೆಯಾದರೆ ದಿನಕ್ಕೆ ಸುಮಾರು 450 ಮಿಲಿಗ್ರಾಂ ಲೈಸಿನ್ ಕಡಿಮೆಯಾದಂತೆ. ಬ್ರೆಡ್ ಕೊಳ್ಳುತ್ತಿದ್ದವರು ಬಹುಪಾಲು ಕೈಯಲ್ಲಿ ರೊಕ್ಕವಿದ್ದ, ಹಾಲು ಮೊಸರು ಕಂಡ ಮನೆಯವರು. ಅವರಿಗೆ ಈ ಲೈಸಿನ್ ಅಷ್ಟಾಗಿ ಬೇಕಿರಲಿಲ್ಲ. ಬೇಕಿದ್ದವರ ಮನೆಗೆ ಬ್ರೆಡ್ ಅಪರೂಪಕ್ಕೆ ಹೋಗುತ್ತಿತ್ತು. ಕೊನೆಗೆ 2000ದ ಜನವರಿಯಲ್ಲಿ ಆ ಉದ್ಯಮದ ಬಹುಪಾಲು ಹಿಂದೂಸ್ತಾನ್ ಲೀವರ್ ಕೈ ಸೇರಿತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಎತ್ತಿದವರೂ ಘನವಾದವರು. ಸಾತಾರಾ ಜಿಲ್ಲೆಯಲ್ಲಿ ಹುಟ್ಟಿ ವಿಶ್ವಸಂಸ್ಥೆಯ ಆಹಾರ ಸಂಘಟನೆಯಲ್ಲಿ ಅಂಕಿಅಂಶದ ಮುಖ್ಯಸ್ಥರಾಗಿದ್ದ ಪಿ. ವಿ. ಸುಖಾತ್ಮೆ, ಬಡವರಿಗೆ ಕೊರತೆಯಾಗಿರುವುದು ಪ್ರೊಟೀನ್ ಅಲ್ಲ, ಒಟ್ಟು ಆಹಾರ ಎಂದು ವಾದಿಸಿದರು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅವರ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿದವು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರೊಟೀನ್ ಬಿಕ್ಕಟ್ಟಿನ ಕೂಗನ್ನೇ ಒಂದು ದೊಡ್ಡ ಎಡವಟ್ಟು ಎಂದು ಕರೆದರು. ಹೊಟ್ಟೆಗೆ ಸಾಲದಾದಾಗ ದೇಹ ಪ್ರೊಟೀನನ್ನೇ ಸೌದೆ ಮಾಡಿ ಉರಿಸುತ್ತದೆ, ಆದ್ದರಿಂದ ಮೊದಲು ಹೊಟ್ಟೆ ತುಂಬಿಸಿ, ಪ್ರೊಟೀನ್ ತಾನಾಗಿ ಸರಿಹೋಗುತ್ತದೆ ಎಂಬುದು ಇವರ ಮಾತಿನ ಸಾರ. ಹಾಗಾದರೆ ಲೈಸಿನ್ ಕಥೆಯೇ ಮುಗಿಯಿತಲ್ಲ? ಈ ವಾದ ಲೈಸಿನ್ ಪುಡಿಯ ವಿರುದ್ಧ ಪೂರ್ತಿ ಗೆಲ್ಲುತ್ತದೆ, ಬೇಳೆಯ ವಿರುದ್ಧ ಗೆಲ್ಲುವುದಿಲ್ಲ. ಬೇಳೆ ಪುಡಿಯಲ್ಲ, ಆಹಾರ. ನೂರು ಗ್ರಾಂ ತೊಗರಿಬೇಳೆಯಲ್ಲಿ ನೂರು ಗ್ರಾಂ ಅಕ್ಕಿಯಷ್ಟೇ ಶಕ್ತಿಯಿದೆ, ಜೊತೆಗೆ ಮೂರು ಪಟ್ಟು ಪ್ರೊಟೀನ್. ಹೊಟ್ಟೆ ತುಂಬಿಸುವ ಮತ್ತು ಮಾಲೆ ಕಟ್ಟುವ ಎರಡೂ ಕೆಲಸವನ್ನು ಅದು ಒಟ್ಟಿಗೆ ಮಾಡುತ್ತದೆ. ಸುಖಾತ್ಮೆಯವರ ಮಾತನ್ನು ಮುಂದೆ ಬಂದವರು ಅರ್ಧವಷ್ಟೇ ಕೇಳಿಸಿಕೊಂಡರು. ಹೊಟ್ಟೆ ತುಂಬಬೇಕು ಎಂಬುದನ್ನು ಧಾನ್ಯದಿಂದ ತುಂಬಿದರೆ ಸಾಕು ಎಂದು ಓದಿಕೊಂಡರು.

ಆ ಓದು ತಪ್ಪು ಎಂದು ತೋರಿಸಿದ ಸಾಕ್ಷ್ಯ ಬಂದದ್ದು ಮತ್ತೆ ಬೆಂಗಳೂರಿನಿಂದ. ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕು ಎಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಈ ಅಳತೆಯಲ್ಲಿ ಬರೀ ಅನ್ನ ತಿಂದವನಿಗೂ ಲೈಸಿನ್ ಸಾಕಾಗುತ್ತದೆ, ಚಿಂತೆಯೇ ಇಲ್ಲ. ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮತ್ತು ಅವರ ತಂಡ, ಅಮೆರಿಕದ ವರ್ನನ್ ಯಂಗ್ ಅವರ ಜೊತೆಗೂಡಿ, ಭಾರತೀಯ ವಯಸ್ಕರ ದೇಹದಲ್ಲಿ ಅಮೈನೊ ಆಮ್ಲ ಹೇಗೆ ಉರಿಯುತ್ತದೆ ಎಂಬುದನ್ನು ಇಪ್ಪತ್ತನಾಲ್ಕು ಗಂಟೆಗಳ ಕಾಲ ಗುರುತಿಟ್ಟ ಪರಮಾಣುಗಳ ಮೂಲಕ ಅಳೆಯಿತು. ಬೇಕಾದ ಲೈಸಿನ್ 30 ಮಿಲಿಗ್ರಾಂ ಹತ್ತಿರ ಎಂದು ಕಂಡಿತು. 2007ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಈ 30ನ್ನೇ ಅಂಗೀಕರಿಸಿತು. ಈಗ ಮುಂಬಯಿಯ ತಟ್ಟೆಗೆ ಇದನ್ನು ಹಚ್ಚಿ ನೋಡಿ. 60 ಕಿಲೋ ತೂಕದ ಕೆಲಸಗಾರನಿಗೆ ದಿನಕ್ಕೆ 1800 ಮಿಲಿಗ್ರಾಂ ಬೇಕು. 400 ಗ್ರಾಂ ಅಕ್ಕಿ ಕೊಡುವುದು ಸುಮಾರು 1100, ಜೀರ್ಣವಾಗದ ಪಾಲು ಕಳೆದರೆ ಇನ್ನೂ ಕಡಿಮೆ. ಅದಕ್ಕೆ 1951ರ ಆ 60 ಗ್ರಾಂ ಬೇಳೆ ಸೇರಿದರೆ ಇನ್ನೂ 900 ಬಂದು ಲೆಕ್ಕ ಮುಟ್ಟುತ್ತದೆ. 2001ರ 30 ಗ್ರಾಂ ಸೇರಿದರೆ ಮುಟ್ಟುವುದಿಲ್ಲ. ಇದೇ ತಂಡ ಇನ್ನೊಂದು ಸಂಗತಿಯನ್ನೂ ಕಂಡುಕೊಂಡಿತು: ದೀರ್ಘಕಾಲ ಅರೆಹೊಟ್ಟೆಯಲ್ಲಿ ಬದುಕಿದ ಗಂಡಸರಿಗೆ ಲೈಸಿನ್ ಬೇಡಿಕೆ ಒಂದೂವರೆ ಪಟ್ಟು, ಅದಕ್ಕೆ ಒಂದು ಕಾರಣ ಕರುಳಿನ ಪರೋಪಜೀವಿಗಳು. ನಲ್ಲಿ ನೀರು, ಚರಂಡಿ, ಕಕ್ಕಸುಗಳಿಲ್ಲದ ಬಸ್ತಿಯಲ್ಲಿ ಬದುಕುವವನಿಗೆ ಬೇಳೆ ಹೆಚ್ಚು ಬೇಕು, ಅವನಿಗೇ ಅದು ಕಡಿಮೆ ಸಿಗುತ್ತದೆ. ಧಾರಾವಿಯ ಚರಂಡಿಯೂ ಲೈಸಿನ್ ಇತಿಹಾಸದ ಒಂದು ಅಧ್ಯಾಯವೇ.

ಮೂರನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬೋರ್ಡಿಂಗಿನ ಎಲೆಯ ಮುಂದೆ ಕುಳಿತವರು ಯಾರು? ಸಂಬಳವಿದ್ದ ಗಂಡಸರು. ಆ ಎಲೆ ತೆಗೆದು ಮೇಜು ಒರೆಸಿದ, ರಾತ್ರಿ ಉದ್ದು ರುಬ್ಬಿ ರುಬ್ಬುಕಲ್ಲಿನ ಪಕ್ಕದಲ್ಲೇ ಮಲಗಿದ ಊರಿನ ಹುಡುಗರು ಏನು ತಿಂದರು? ಚಾಳಿನ ಕೋಣೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತ ಹೆಂಗಸಿನ ಪಾಲಿಗೆ ಹುಳಿಯ ತಳದಲ್ಲಿ ಬೇಳೆ ಉಳಿದಿತ್ತೇ? ಲಾಭದ ಲೆಕ್ಕ ಬಿಗಿಯಾದಾಗ ಹೋಟೆಲಿನ ಸಾಂಬಾರಿಗೆ ನೀರು ಸೇರುತ್ತದೆ. ಬೇಳೆಯ ಹೆಸರಿದ್ದರೂ ತಿಳಿಸಾರಿನ ಬಟ್ಟಲಲ್ಲಿ ಹತ್ತು ಗ್ರಾಂ ಬೇಳೆ ಇರಲಾರದು. ಅಡುಗೆಯ ಸೂತ್ರ ಎಷ್ಟೇ ಸರಿಯಿದ್ದರೂ ಅಳತೆ ತಪ್ಪಿದರೆ ಫಲವಿಲ್ಲ, ಅಳತೆಯನ್ನು ನಿರ್ಧರಿಸುವುದು ಕೂಲಿ ಮತ್ತು ಬೆಲೆ. ಹೀಗಾಗಿ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಅದನ್ನು ಅದರ ಸರಿಯಾದ ಜಾಗಕ್ಕೆ ನೂಕುತ್ತದೆ. ಗಿರಣಗಾಂವಿನ ಖಾನಾವಳಿ ಹೆಂಗಸರು ಈ ಸತ್ಯವನ್ನು ಕೆಲಸದಲ್ಲೇ ತೋರಿಸಿದರು. 1975ರಲ್ಲಿ ಪ್ರೇಮಾ ಪುರವ್ ಅವರ ಜೊತೆ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದಾಗ ಅವರು ಕೇಳಿದ್ದು ಬಡ್ಡಿಕೋರ ಕಿರಾಣಿಯವನಿಂದ ಬಿಡುಗಡೆ ಮತ್ತು ಬ್ಯಾಂಕಿನ ಸಾಲ. ಸಾಲದ ಹಗ್ಗ ಸಡಿಲವಾಗದೆ ಪಾತ್ರೆಗೆ ಬೇಳೆ ಬೀಳುವುದಿಲ್ಲ.

ಈ ಊರಿನ ಬೀದಿಯ ತಿಂಡಿಯಲ್ಲೂ ಇದೇ ಗಣಿತ ನಡೆದಿದೆ. ಮೈದಾದ ಪಾವ್ ಲೈಸಿನ್‌ನಲ್ಲಿ ತೀರ ಬಡವ. 1960ರ ದಶಕದಲ್ಲಿ ದಾದರ್ ಸ್ಟೇಷನ್ನಿನ ಬಳಿ ಹುಟ್ಟಿದ ವಡಾಪಾವ್‌ನಲ್ಲಿ ಕಡಲೆಹಿಟ್ಟಿನ ತೆಳು ಹೊದಿಕೆ ಆ ಬಡತನಕ್ಕೆ ಸ್ವಲ್ಪ ತೇಪೆ ಹಾಕುತ್ತದೆ. ಮೊಳಕೆ ಕಾಳಿನ ಉಸಳ್‌ ಜೊತೆ ತಿಂದ ಪಾವ್ ಅದಕ್ಕಿಂತ ಎಷ್ಟೋ ಮೇಲು. ಆದರೆ ತಿಂಡಿಗಾಡಿಯ ಜಾಣತನಕ್ಕೆ ಒಂದು ಮಿತಿಯಿದೆ, ನಗರದ ಬಡವರನ್ನು ಪೋಷಿಸುವ ಹೊಣೆಯನ್ನು ಅದರ ಹೆಗಲಿಗೆ ಹೊರಿಸಲಾಗದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕು ಕೊಟ್ಟಿದೆ: ಅಕ್ಕಿ, ಗೋಧಿ, ಸಿರಿಧಾನ್ಯ. ಬೇಳೆಯ ಹೆಸರು ಆ ಹಕ್ಕಿನಲ್ಲಿಲ್ಲ. 1943ರ ಚೀಟಿಯ ತಕ್ಕಡಿ ಎಪ್ಪತ್ತು ವರ್ಷಗಳ ನಂತರವೂ ಬದಲಾಗಲಿಲ್ಲ. ಬೇಳೆ ದುಬಾರಿ, ಸರ್ಕಾರದ ಬೊಕ್ಕಸ ತಾಳದು ಎನ್ನುವವರಿದ್ದಾರೆ. ತಮಿಳುನಾಡು 2007ರಿಂದ ರೇಷನ್ ಅಂಗಡಿಯಲ್ಲಿ ಬೇಳೆ ಕೊಡುತ್ತ ಬಂದಿದೆ, ಅದರ ಬೊಕ್ಕಸ ಮುಳುಗಿಲ್ಲ. ದಿನಕ್ಕೆ 60 ಗ್ರಾಂ ಎಂದರೆ ಒಬ್ಬರಿಗೆ ತಿಂಗಳಿಗೆ ಎರಡು ಕಿಲೋಗಿಂತ ಕಡಿಮೆ. 1951ರಲ್ಲಿ, ಇನ್ನೂ ಬಡವಾಗಿದ್ದ ದೇಶ ಅಷ್ಟನ್ನು ಬೆಳೆದು ಉಣ್ಣುತ್ತಿತ್ತು. ಮುಂಬಯಿಯ ರೇಷನ್ ಅಂಗಡಿಯ ಹಲಗೆಯ ಮೇಲೆ ಅಕ್ಕಿ ಗೋಧಿಯ ಕೆಳಗೆ ತೊಗರಿ ಮತ್ತು ಉದ್ದು ಎಂಬ ಎರಡು ಸಾಲು ಬರೆಯಲಿ, ಪ್ರತಿ ತಿಂಗಳೂ ಬರೆಯಲಿ. ಬ್ರೆಡ್ಡಿಗೆ ಬೆರೆಸಿದ ಪುಡಿಯಿಂದ ಆಗದ ಕೆಲಸ ಆ ಎರಡು ಸಾಲಿನಿಂದ ಆಗುತ್ತದೆ.